ಗದ್ದೆಗೆ ಹೋದ ಡ್ರೈವರ್

ಕಾರ್ತಿಕದ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಇಷ್ಟು ಬರೆದ ಮೇಲೆಯೇ ನನಗೆ ಉಸಿರು ಸರಾಗ. ಕೆಲಸ ಶುರುವಾದ ಹೊತ್ತನ್ನು ಬರೆದಿಡದಿದ್ದರೆ ಅದು ಶುರುವೇ ಆಗಿಲ್ಲ ಅನ್ನಿಸುವ ಸ್ವಭಾವ ನನ್ನದು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಹಾಲಿನವನು ಬಾರದ ದಿನ, ಅಪ್ಪ "ನಾಳೆ ಖಂಡಿತ ನಲ್ಲಿ ರಿಪೇರಿ ಮಾಡಿಸ್ತೀನಿ" ಎಂದು ಮಾತು ಕೊಟ್ಟ ದಿನಗಳು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಗೆರೆ ಎಳೆದ ಬೇರೆ ಬೇರೆ ಅಂಕಣಗಳಿವೆ. ನಲ್ಲಿಯ ಅಂಕಣ ಈಗ ಎರಡನೇ ಪುಟಕ್ಕೆ ಬಂದಿದೆ. ಪಕ್ಕದ ಮನೆಯ ಶಿವಮ್ಮತ್ತೆ ಇದನ್ನು ನೋಡಿ, "ಇವಳ್ನ ಮದ್ವೆ ಆಗೋನು ಎದ್ದಾಗೊಂದು ಮಲಗ್ದಾಗೊಂದು ಸೈನ್ ಹಾಕ್ಬೇಕಾಯ್ತದೆ ಕಣಕ್ಕ" ಎಂದು ಅಮ್ಮನಿಗೆ ಹೇಳಿದ್ದುಂಟು. ಅಮ್ಮ ನಗಲಿಲ್ಲ. ನನ್ನ ಮದುವೆಯ ವಿಷಯದಲ್ಲಿ ಅಮ್ಮ ಯಾವ ತಮಾಷೆಗೂ ನಗುವುದಿಲ್ಲ.

ಆ ಸೋಮವಾರ ಶುರುವಾದದ್ದು ಒಂದು ಪುಟ್ಟ ಪ್ರಿಂಟರನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸುವ ಕೆಲಸ. ಊಟದ ಡಬ್ಬಿಯಷ್ಟೇ ಗಾತ್ರದ ಯಂತ್ರ. ಒಳಗೆ ಕಾಗದದ ಸುರುಳಿ ಇಟ್ಟರೆ, ಬಸ್ಸಿನ ಟಿಕೆಟ್ ಬಂದ ಹಾಗೆ ಅಂಟಿಸುವ ಲೇಬಲ್ಲುಗಳು ಅಚ್ಚಾಗಿ ಹೊರಗೆ ಬರುತ್ತವೆ. ಅಮ್ಮ ಮತ್ತು ಶಿವಮ್ಮತ್ತೆ ನಂಜನಗೂಡಿನ ನಮ್ಮ ಮನೆಯ ಹಿತ್ತಲ ಚಪ್ಪರದಲ್ಲಿ ಸಾಂಬಾರ್ ಪುಡಿ, ಚಟ್ನಿಪುಡಿ, ಬಾಳೆಕಾಯಿ ಚಿಪ್ಸ್ ಮಾಡಿ ಮಾರುತ್ತಾರೆ. ಇಷ್ಟು ದಿನ ನಮ್ಮ ಬೀದಿ, ಹಿಂದಿನ ಬೀದಿ, ಶಿವಮ್ಮತ್ತೆಯ ತವರು ಹದಿನಾರು ಗ್ರಾಮ, ಇಷ್ಟೇ ನಮ್ಮ ಮಾರುಕಟ್ಟೆ. ಪೊಟ್ಟಣದ ಮೇಲಿನ ಚೀಟಿ ಬರೆಯುವವಳು ನಾನು. ಹೀಗಿರುವಾಗ ಮೈಸೂರಿನ ಒಂದು ಅಂಗಡಿಯಿಂದ ಮೊದಲ ದೊಡ್ಡ ಆರ್ಡರ್ ಬಂತು: ನೂರೈವತ್ತು ಪೊಟ್ಟಣ, ಗುರುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ. ಅಂಗಡಿಯವರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಲೇಬಲ್ ಅಚ್ಚಾಗಿರ್ಬೇಕು ಕಣ್ರಮ್ಮ. ಕೈಲಿ ಬರ್ದಿರೋದಾದ್ರೆ ತರ್ಲೇಬೇಡಿ. ಗುರುವಾರ ಬರ್ಲಿಲ್ಲ ಅಂದ್ರೆ ಆ ಜಾಗ ಬೇರೆಯೋರಿಗೆ ಕೊಟ್ಬಿಡ್ತೀನಿ." ನನ್ನ ದುಂಡನೆಯ ಅಕ್ಷರಕ್ಕೆ ಇಷ್ಟು ಅವಮಾನ ಹಿಂದೆಂದೂ ಆಗಿರಲಿಲ್ಲ. ಪುಡಿ ಕುಟ್ಟಿಸಿ ಆಗಿತ್ತು, ಚಿಪ್ಸ್ ಕರಿದಾಗಿತ್ತು, ಅಮ್ಮ ಇಡೀ ಬೀದಿಗೆ ಸುದ್ದಿ ಹೇಳಿಯೂ ಆಗಿತ್ತು. ಊರಿನ ಪ್ರೆಸ್ಸಿನವರು ಮದುವೆ ಕಾರ್ಡಿನ ಗಲಾಟೆಯಲ್ಲಿ ಒಂದು ವಾರ ಆಗುತ್ತದೆ ಎಂದಿದ್ದರು. ಉಳಿದದ್ದು ಈ ಡಬ್ಬಿಯೊಂದೇ.

ಎಂದಾದರೂ ಬೇಕಾದೀತೆಂದು ತರಿಸಿದ್ದ ಡಬ್ಬಿ ಆಯುಧಪೂಜೆಗೆ ಮೊದಲೇ ಮನೆಗೆ ಬಂದಿತ್ತು. ಆದರೆ ಪೂಜೆಯಾಗದ ಯಂತ್ರಕ್ಕೆ ಅಮ್ಮ ಕರೆಂಟ್ ಕೊಡಿಸುವುದಿಲ್ಲ. ಪೂಜೆಯ ದಿನ ಮಿಕ್ಸಿ, ಗ್ರೈಂಡರ್, ಅಪ್ಪನ ಸ್ಕೂಟರ್, ಸೀಲ್ ಮಾಡುವ ಮಶೀನು ಎಲ್ಲವನ್ನೂ ಸಾಲಾಗಿ ನಿಲ್ಲಿಸಿದೆವು. ವಿಭೂತಿ ಹಚ್ಚುವ ಕೆಲಸ ನನ್ನದು, ಏಕೆಂದರೆ ನನ್ನ ಗೆರೆ ನೇರ. ಪ್ರಿಂಟರಿನ ಸರದಿ ಬಂದಾಗ ಕೈ ತಡೆಯಿತು. ಮುಂದೆ ಕಾಗದ ಬರುವ ಬಾಯಿ, ಮೇಲೆ ಗಾಜಿನಂಥ ಮುಚ್ಚಳ. "ಬೆನ್ನಿಗೆ ಹಚ್ಚೇ, ಯಾರ ಕಣ್ಣಿಗೂ ಬೀಳಲ್ಲ, ಅಳಿಸೂ ಹೋಗಲ್ಲ" ಎಂದರು ಅಮ್ಮ. ನಾನು ಚೆನ್ನಾಗಿ ನೆನೆಸಿದ ವಿಭೂತಿಯಲ್ಲಿ ಮೂರು ಬೆರಳದ್ದಿ, ಈ ತುದಿಯಿಂದ ಆ ತುದಿಗೆ ಮೂರು ಗೆರೆ ಎಳೆದೆ. ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಪೂಜೆಯಾದ ಮೇಲಾದರೂ ಸ್ವಿಚ್ ಹಾಕಬಹುದಿತ್ತು. "ಕಾರ್ತಿಕ ಸೋಮವಾರ ಒಳ್ಳೇದು, ಆವತ್ತೇ ಶುರು ಮಾಡು" ಎಂದರು ಅಮ್ಮ. ಮೊದಲ ಸೋಮವಾರ ಚಿಪ್ಸ್ ಕರಿಯುವುದರಲ್ಲಿ ಕಳೆಯಿತು. ಹೀಗೆ ಎರಡನೆಯದಕ್ಕೆ ಬಂದು ನಿಂತೆವು.

ಯಂತ್ರ ಕೊಂಡರೆ ಸಾಲದು, ಅದಕ್ಕೊಂದು ಡ್ರೈವರ್ ಬೇಕು. ಯಂತ್ರದ ಮಾತನ್ನು ಕಂಪ್ಯೂಟರಿಗೂ ಕಂಪ್ಯೂಟರಿನ ಮಾತನ್ನು ಯಂತ್ರಕ್ಕೂ ತಿಳಿಸುವ ತಂತ್ರಾಂಶ ಅದು. ಅಪ್ಪ ಅಮ್ಮ ಮಾತು ಬಿಟ್ಟ ದಿನಗಳಲ್ಲಿ ನಡುಮನೆಗೂ ಅಡುಗೆಮನೆಗೂ ನಡುವೆ ನಾನು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ನಾನು ಹೆಮ್ಮೆಯಿಂದ ಪ್ಲಗ್ ಚುಚ್ಚಿದೆ. ಹಸಿರು ದೀಪ ಹತ್ತಿತು. ಕಂಪ್ಯೂಟರಿಗೆ ಹೋಗುವ ಕೇಬಲ್ಲನ್ನು ಹಿಂದಿನ ಕಿಂಡಿಗೆ ತೂರಿಸಿದೆ. ಸ್ವಲ್ಪ ಬಿಗಿಯಿತ್ತು; ಹೊಸದಲ್ಲವೇ ಎಂದು ಒತ್ತಿದೆ. ಗುಂಡಿ ಅದುಮಿದರೆ ಒಂದು ಖಾಲಿ ಲೇಬಲ್ ಸರ್ರನೆ ಹೊರಬಂತು. ಶಿವಮ್ಮತ್ತೆ ಚಪ್ಪಾಳೆ ತಟ್ಟಿದರು. ಲ್ಯಾಪ್‌ಟಾಪ್ ಮಾತ್ರ ಪ್ರಿಂಟರನ್ನು ಕಂಡೇ ಇಲ್ಲವೆಂಬಂತೆ ಕುಳಿತಿತ್ತು. ಪ್ರಿಂಟರ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಕೊಟ್ಟಿದ್ದ ವೆಬ್‌ಸೈಟ್ ತೆರೆಯಲಿಲ್ಲ. ಸಹಾಯವಾಣಿ ಎರಡು ಸಲ ರಿಂಗಾಗಿ ಕಟ್ಟಾಯಿತು. ಬೇರೆಲ್ಲಿಂದಲೋ ಇಳಿಸಿಕೊಂಡ ಡ್ರೈವರ್ ತಾನು ಮಾಡಬೇಕಾದ ಕೆಲಸ ಬಿಟ್ಟು, ನನಗೆ ತೂಕ ಇಳಿಸಿಕೊಳ್ಳುವ ಜಾಹೀರಾತು ತೋರಿಸತೊಡಗಿತು.

"ಏನಂತದೆ ಅದು?" ಎಂದರು ಶಿವಮ್ಮತ್ತೆ.

"ಸಣ್ಣ ಆಗ್ಬೇಕಂತೆ."

"ಪ್ರಿಂಟ್ರಾ?"

"ನಾನು."

"ಅದ್ಕೂ ಕಣ್ಣು ಕಾಣ್ತದೆ ಬುಡು" ಎಂದು ಅವರು ಚಿಪ್ಸ್ ತುಂಬಲು ಹೋದರು.

ಆಗ ನೆನಪಾಯಿತು. ಆ ರಟ್ಟಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಸೀಡಿ ಇತ್ತು. ಅಸಲಿ ಡ್ರೈವರ್ ಅದರೊಳಗಿತ್ತು. ಆಯುಧಪೂಜೆಗೆ ಬನ್ನೂರಿನಿಂದ ಬಂದಿದ್ದ ಅಮ್ಮನ ಅಣ್ಣ ನಂಜಪ್ಪ ಮಾವ ಅದನ್ನು ಬಿಸಿಲಿಗೆ ಹಿಡಿದು, ಗೋಡೆಯ ಮೇಲೆ ಬೆಳಕು ಕುಣಿಸುತ್ತಾ, "ಇದ್ಯಾಕೆ ಕೂಸೇ, ಬೇಕಾ?" ಎಂದು ಕೇಳಿದ್ದರು. "ಅದೆಲ್ಲಾ ಹಳೇ ಕಾಲದ್ದು ಮಾವ. ಈಗ ಎಲ್ಲಾ ನೆಟ್ಟಲ್ಲೇ ಸಿಗುತ್ತೆ, ತಗೊಂಡು ಹೋಗಿ" ಎಂದವಳು ನಾನು. ಹೇಳಿದ ಹೊತ್ತು ಕೂಡ ಡೈರಿಯಲ್ಲಿದೆ, ದಯವಿಟ್ಟು ಕೇಳಬೇಡಿ.

ಮಂಗಳವಾರ ಬೆಳಗಿನ ಬಸ್ಸಿಗೆ ಹೊರಟು, ತಿ. ನರಸೀಪುರದಲ್ಲಿ ಬಸ್ ಬದಲಿಸಿ ಬನ್ನೂರು ಸೇರಿದೆ. ಮಾವ ಗದ್ದೆಯಲ್ಲಿದ್ದರು. ಭತ್ತ ಹಾಲುಗಾಳಾಗಿ ತೂಗುತ್ತಿತ್ತು. ನಟ್ಟನಡುವೆ ಒಂದು ಬಿದಿರ ಗಳು. ಅದರ ತುದಿಯಲ್ಲಿ ದಾರ ಕಟ್ಟಿಸಿಕೊಂಡು ನನ್ನ ಡ್ರೈವರ್ ಥಳಥಳ ತಿರುಗುತ್ತಿತ್ತು.

"ಮಾವ, ಅದು ಬೇಕು."

"ಯಾವ್ದು? ಅದಾ? ಆಗಾಕಿಲ್ಲ ಕಣವ್ವ. ಅದ್ನ ಕಟ್ಟಿದ್ಮೇಲೆ ಒಂದು ಗಿಳಿ ಈ ಕಡಿಕೆ ತಲೆ ಹಾಕಿಲ್ಲ."

"ಅಮ್ಮನ ಆರ್ಡರ್ ಹೋಗ್ಬಿಡುತ್ತೆ ಮಾವ."

"ನಂದು ಭತ್ತ ಓಯ್ತದಲ್ಲ! ನಿಮ್ಮವ್ವನ್ಗೆ ಏಳು, ಗಿಳಿ ಕಾಯೋಕೆ ಅವಳೇ ಬರ್ಲಿ."

ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಅಣ್ಣಾ, ನಿಂಗೆ ತಂಗಿ ಬೇಕೋ ಗಿಳಿ ಬೇಕೋ?" ಎಂದರು ಅಮ್ಮ. ಮಾವ ಸ್ವಲ್ಪ ಹೊತ್ತು ಗದ್ದೆಯನ್ನೂ ಸ್ವಲ್ಪ ಹೊತ್ತು ಫೋನನ್ನೂ ನೋಡಿದರು. ಆ ಲೆಕ್ಕಾಚಾರ ಇನ್ನೂ ಬೆಳೆದಿದ್ದರೆ ಎರಡು ಮನೆಗಳ ಸಂಬಂಧಕ್ಕೇ ಏಟು ಬೀಳುತ್ತಿತ್ತು. ಕಡೆಗೆ ನನ್ನ ಸ್ಟೀಲ್ ಊಟದ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು ಗಳುವಿಗೆ ಕಟ್ಟುವುದೆಂದು ಒಪ್ಪಂದವಾಗಿ ಸೀಡಿ ಕೆಳಗಿಳಿಯಿತು. ಅದರ ಮೇಲೆ ಎರಡು ಕಡೆ ಹಕ್ಕಿಯ ಹಿಕ್ಕೆ. "ಹೆದರಿಸೋ ಸೀಡಿ ಮೇಲೆ ಇದೇನು ಮಾವ?" ಎಂದೆ. "ಎದ್ರಕೊಂಡೇ ಆಕಿರೋದು ಕಣವ್ವ ಅದು" ಎಂದರು ಮಾವ, ಮುಖದ ಒಂದು ಗೆರೆಯೂ ಅಲುಗದಂತೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ ಎಂಬುದು ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು. ಕ್ರಮಬದ್ಧವಾಗಿ ಬದುಕುವವರಿಗೆ ಇಂಥದ್ದು ಹೊಳೆಯುವುದೂ ಕ್ರಮಬದ್ಧವಾಗಿ, ಕಟ್ಟಕಡೆಗೆ. ನರಸೀಪುರದಲ್ಲಿ ಬಸ್ಸಿಳಿದವಳೇ ಒಂದೊಂದೇ ಅಂಗಡಿ ಕೇಳುತ್ತಾ ಹೋದೆ. ಮದುವೆ ವಿಡಿಯೋ ಮಾಡುವ ಒಂದು ಸ್ಟುಡಿಯೋದಲ್ಲಿ ಹಳೆಯ ಕಂಪ್ಯೂಟರ್ ಇತ್ತು. ಸ್ಟುಡಿಯೋದವರು ಸೀಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಮೇಡಮ್, ಇದ್ರಲ್ಲಿ ಊಟ ಮಾಡಿದ್ರಾ?" ಎಂದರು. ಸೋಪು ಹಾಕಿ ತೊಳೆದು, ಒರೆಸಿ, ಒಳಗೆ ತಳ್ಳಿದರು. ಅದು ಗಿರಣಿಯಂತೆ ಸದ್ದು ಮಾಡಿತು, ನಿಂತಿತು, ಮತ್ತೆ ಸದ್ದು ಮಾಡಿತು. ಪರದೆಯ ಮೇಲೆ ಕಡತಗಳು ಒಂದೊಂದಾಗಿ ಮೂಡಿದಾಗ ನಾನು ಅಂಗಡಿಯಲ್ಲೇ ಕುಣಿದೆ. ಫೋಟೋ ತೆಗೆಸಿಕೊಳ್ಳಲು ತಲೆ ಬಾಚುತ್ತಿದ್ದ ಗಿರಾಕಿಯೊಬ್ಬರು ಬಾಚಣಿಗೆ ಕೆಳಗಿಟ್ಟು ನೋಡಿದರು. ಪೆನ್‌ಡ್ರೈವಿಗೆ ಎಲ್ಲವನ್ನೂ ತುಂಬಿಸಿಕೊಂಡು ನಂಜನಗೂಡಿನವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದು ಬಂದೆ.

ಸಂಜೆ ಎಲ್ಲರೂ ಸುತ್ತ ನೆರೆದರು. ಡ್ರೈವರ್ ಲ್ಯಾಪ್‌ಟಾಪಿಗೆ ಏರತೊಡಗಿತು. ಕಾಲುಭಾಗ, ಅರ್ಧ, ಮುಕ್ಕಾಲು. ಇನ್ನೇನು ಮುಗಿಯಿತು ಅನ್ನುವಾಗ ಒಂದು ಸಾಲು ಬಂತು: 'ಪ್ರಿಂಟರನ್ನು ಜೋಡಿಸಿ, ಸ್ವಿಚ್ ಹಾಕಿ.' ಜೋಡಿಸಿದೆ ಮಾರಾಯ, ಸ್ವಿಚ್ಚೂ ಹಾಕಿದೆ, ಹಸಿರು ದೀಪ ನಿನಗೆ ಕಾಣುವುದಿಲ್ಲವೇ! ಡ್ರೈವರನ್ನು ಕಿತ್ತು ಹಾಕಿದೆ, ಮತ್ತೆ ಏರಿಸಿದೆ. ಲ್ಯಾಪ್‌ಟಾಪ್ ಆರಿಸಿ ಹತ್ತಿಸಿದೆ. ಕೇಬಲ್ಲನ್ನು ಲ್ಯಾಪ್‌ಟಾಪಿನ ಎಡಗಡೆಯಿಂದ ಬಲಗಡೆಗೆ ಹಾಕಿದೆ. ಸೋತ ಪ್ರತಿ ಸಲವೂ ಡೈರಿಯಲ್ಲಿ ಒಂದು ಗೀಟು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಆ ಪುಟ ಕಂಬಿ ಹಾಕಿದ ಜೈಲಿನ ಕಿಟಕಿಯ ಹಾಗೆ ಕಾಣುತ್ತಿತ್ತು. ಚಪ್ಪರದಲ್ಲಿ ನೂರೈವತ್ತು ಪೊಟ್ಟಣಗಳು ಹೆಸರಿಲ್ಲದೆ ಕುಳಿತಿದ್ದವು. ಅಮ್ಮ ಮೈಸೂರಿಗೆ ಒಯ್ಯಬೇಕಿದ್ದ ಚೀಲಗಳನ್ನು ಮಡಚಿಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಎದ್ದು ಬಂದು, "ಆ ಪೂಜೆ ಸರಿಯಾಗಿಲ್ಲ. ಇನ್ನೊಂದು ಸಲ ವಿಭೂತಿ ಹಚ್ಚೋಣ" ಎಂದರು.

"ಅಮ್ಮಾ, ಇದು ಪೂಜೆ ವಿಷಯ ಅಲ್ಲ. ಇದು ತಾಂತ್ರಿಕ ಸಮಸ್ಯೆ."

"ಆಗ್ಲಿ ಕಣೇ, ತಾಂತ್ರಿಕವಾಗೇ ಹಚ್ಚೋಣ. ಮೊದ್ಲು ಹಳೇದನ್ನ ಒರೆಸು."

ವಾದಿಸಲು ಶಕ್ತಿ ಇರಲಿಲ್ಲ. ಎಲ್ಲ ತಂತಿಗಳನ್ನೂ ಕಿತ್ತು, ಬಟ್ಟೆ ಒದ್ದೆ ಮಾಡಿ ಹಿಂಡಿ, ಪ್ರಿಂಟರಿನ ಬೆನ್ನು ಒರೆಸತೊಡಗಿದೆ. ಮೇಲಿನ ಗೆರೆ ಹೋಯಿತು. ಕೆಳಗಿನ ಗೆರೆ ಹೋಯಿತು. ನಡುವಿನ ಗೆರೆ ಮಾತ್ರ ಒಂದು ಕಡೆ ಹೋಗಲೊಲ್ಲದು. ಕಣ್ಣು ಹತ್ತಿರ ತಂದೆ. ಆ ಗೆರೆ ಸ್ಕೇಲ್ ಇಟ್ಟ ಹಾಗೆ ನೇರವಾಗಿ ಬಂದು, ಕೇಬಲ್ ತೂರಿಸುವ ಕಿಂಡಿಯೊಳಗಿಳಿದು, ತುಂಬಿ, ಆಯುಧಪೂಜೆಯಿಂದ ಈವರೆಗೆ ಒಣಗಿ ಸಿಮೆಂಟಾಗಿ ಕುಳಿತಿತ್ತು. ಕರೆಂಟಿನ ವೈರು ಬೇರೆ ಕಿಂಡಿಯದ್ದು. ಅದಕ್ಕೇ ದೀಪ ಉರಿಯುತ್ತಿತ್ತು. ಮಾತು ಹೋಗುವ ದಾರಿಗೆ ಮಾತ್ರ ನಾನೇ ಗೋಡೆ ಕಟ್ಟಿದ್ದೆ. ಕೇಬಲ್ಲಿನ ಮೂತಿಯಲ್ಲೂ ಬೆಳ್ಳನೆಯ ಹಿಟ್ಟು.

ಹೇರ್‌ಪಿನ್ನಿನಿಂದ ಮೆಲ್ಲಗೆ ಕೆರೆದೆ, ಊದಿದೆ, ಕೊಡವಿದೆ. ಕಿಂಡಿ ಬಿಸಿಲಿಗೆ ಚೆನ್ನಾಗಿ ಒಣಗುವಷ್ಟರಲ್ಲಿ ಅಮ್ಮ ಸ್ನಾನ ಮಾಡಿ ಬಂದು, ಈ ಸಲ ತಾವೇ ಮುಚ್ಚಳದ ಮೇಲೆ ಮೂರು ಬೆರಳೆಳೆದರು. ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪ್ 'ಟಿಂಗ್' ಅಂದಿತು. ಅಷ್ಟು ಮಧುರವಾದ ಸದ್ದನ್ನು ನಾನು ಈವರೆಗೆ ಕೇಳಿಲ್ಲ. ಡ್ರೈವರ್ ಕೊನೆಯವರೆಗೂ ಏರಿತು, ಬಾಯಿಂದ ಲೇಬಲ್ ಹೊರಬಂತು: ಸಾಂಬಾರ್ ಪುಡಿ, ತೂಕ, ಬೆಲೆ, ಮಾಡಿದ ದಿನ! ಮೊದಲ ಲೇಬಲ್ ದೇವರ ಮನೆಗೆ ಹೋಯಿತು, ಎರಡನೆಯದನ್ನು ಶಿವಮ್ಮತ್ತೆ ಸಂಭ್ರಮದಲ್ಲಿ ಅಮ್ಮನ ಕೈಗೇ ಅಂಟಿಸಿದರು. ಕತ್ತಲಾಗುವುದರೊಳಗೆ ನೂರೈವತ್ತಕ್ಕೂ ಹೆಸರು ಬಂದಿತ್ತು. ಗುರುವಾರ ಬೆಳಿಗ್ಗೆ ಅಂಗಡಿಯವರು ಪೊಟ್ಟಣವೊಂದನ್ನು ತಿರುಗಿಸಿ ನೋಡಿ, "ಅಕ್ಷರ ಚೆನ್ನಾಗದೆ" ಎಂದರಂತೆ. ನನ್ನ ಕೈಬರಹಕ್ಕೆ ಅದು ಎರಡನೇ ಏಟು.

"ನೋಡಿದ್ಯಾ?" ಎಂದರು ಅಮ್ಮ ಮೈಸೂರಿಂದ ಬಂದವರೇ.

"ಅಮ್ಮಾ, ವಿಭೂತಿ ತುಂಬ್ಕೊಂಡಿದ್ದಕ್ಕೇ ಅದು ಕೆಲಸ ಮಾಡ್ಲಿಲ್ಲ."

"ತುಂಬಿದ್ದೋರ್ಯಾರು?"

"ನಾನು."

"ಆಮೇಲೆ ಹಚ್ಚಿದ್ದೋರ್ಯಾರು?"

"ನೀನು."

"ಮತ್ತೆ?" ಎಂದು ಅಮ್ಮ ಒಳಗೆ ಹೋದರು. ಅಂದಿನಿಂದ ಡೈರಿಯ 'ಕಾರಣ' ಎಂಬ ಅಂಕಣವನ್ನು ಎರಡು ಸಲ ತುಂಬಿ ಎರಡು ಸಲ ಅಳಿಸಿದ್ದೇನೆ. ಈ ನಡುವೆ ನಂಜಪ್ಪ ಮಾವ ಫೋನ್ ಮಾಡಿದ್ದರು. ಗಿಳಿಗಳು ನನ್ನ ಡಬ್ಬಿಯ ಮುಚ್ಚಳದಲ್ಲಿ ಮುಖ ನೋಡಿಕೊಂಡು ಹೋಗಲು ಸಾಲಾಗಿ ಬರುತ್ತಿವೆಯಂತೆ. ಸೀಡಿ ಇಂದಿನ ಬಸ್ಸಿಗೆ ಬನ್ನೂರಿಗೆ ಹೋಯಿತು.

ಅಂಗಡಿಯಿಂದ ಎರಡನೇ ಆರ್ಡರ್ ಬಂದಿದೆ. ಅದರ ಸಂತೋಷಕ್ಕೆ ಅಮ್ಮ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದಾರೆ. ಅದಕ್ಕೆ ಮುಂದೆ, ಹಿಂದೆ, ಪಕ್ಕ, ಅಡಿಯಲ್ಲಿ ಎಲ್ಲ ಕಡೆಯೂ ಏನಾದರೊಂದು ಕಿಂಡಿ ಇದೆ. ಮೇಲಿನ ತಟ್ಟೆಗೆ ಹಚ್ಚಿದರೆ ವಿಭೂತಿಯ ತೂಕವನ್ನೂ ತೋರಿಸುತ್ತದೆ. ಪೂಜೆ ಬರುವ ಸೋಮವಾರ, ಹತ್ತೂಕಾಲಿಗೆ. ವಿಭೂತಿ ಎಲ್ಲಿ ಹಚ್ಚಿದರೆ ಕ್ಷೇಮ ಎಂದು ಬಲ್ಲವರು ದಯವಿಟ್ಟು ಅದಕ್ಕೆ ಮೊದಲೇ ಬರೆದು ತಿಳಿಸಿ. ಗೆರೆ ಎಳೆಯುವ ಕೆಲಸ ಈಗಲೂ ನನ್ನದೇ.