ಘರ್ ಖಾಲಿ ಆಹೆ

ತಿಲಕ್ ಶೆಟ್ಟಿ ಬ್ರೋಕರುಗಳ ಮೇಲೆ ಯುದ್ಧ ಸಾರಿದ್ದು ಒಂದು ಗ್ಯಾಸ್ ಸಿಲಿಂಡರಿನ ದೆಸೆಯಿಂದ. ಬಾಡಿಗೆ ಮನೆಯ ಹನ್ನೊಂದು ತಿಂಗಳ ಕರಾರು ಈ ವಾರ ಮುಗಿಯುವುದಿತ್ತು. ಆರು ವರ್ಷದಲ್ಲಿ ಆರು ಮನೆ ಬದಲಿಸಿದ್ದ ಹೆಂಡತಿ ನಮಿತಾ, "ಇನ್ನು ಈ ಸಿಲಿಂಡರ್ ಎತ್ತುವುದು ಸ್ವಂತ ಮನೆಗೇ. ಇಲ್ಲದಿದ್ರೆ ಅದರ ಜೊತೆ ನೀವೊಬ್ರೇ ಇರಿ," ಎಂದಿದ್ದಳು.

ಬ್ರೋಕರ್ ಕಿವಿಗೆ ಬಿದ್ದ ಮನೆ ಬಿಸಿ ಇಡ್ಲಿಯ ಹಾಗೆ, ಚಟ್ನಿ ಬರುವಷ್ಟರಲ್ಲಿ ತಟ್ಟೆ ಖಾಲಿ. ಅವರ ಕಿವಿಗೆ ಬೀಳದ ಮನೆಯನ್ನೇ ಹಿಡಿಯುತ್ತೇನೆಂದು ತಿಲಕ್ ಹಟ ತೊಟ್ಟ. ಮುಂಬಯಿಯ ಜೋಗೇಶ್ವರಿಯ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಸುಳಿವು ಕೊಟ್ಟವಳು ಪಾತ್ರೆ ತೊಳೆಯುವ ಕಸ್ತೂರಿಬಾಯಿ.

"ಶೆಟ್ರ, ಕುರ್ಲಾದಾಗ ನಮ್ಮ ಚಾಳಿನ ಬಾಜೂಕ ಹಳೇ ಬಿಲ್ಡಿಂಗ್ ಐತ್ರಿ. ವಯಸ್ಸಾದವರು ಯಾರೋ ಮನಿ ಮಾರ್ತಾರಂತ. ಎಷ್ಟನೇ ಮಜಲೋ ಗೊತ್ತಿಲ್ಲ. ಮಾರೋ ಮಾತು ಮಾತ್ರ ಬಾಯಿ ಬಿಟ್ಟು ಅನಬ್ಯಾಡ್ರಿ, ಗ್ವಾಡಿಗೂ ಬ್ರೋಕರ್ ಅದಾನ!"

ಮಧ್ಯಾಹ್ನದ ಬಿಡುವಿಗೆ ತಿಲಕ್ ಹೊರಟ. ಕೈಯಲ್ಲಿ ಅಳತೆಯ ಟೇಪು, ಬನ್ಸಿನ ಪೊಟ್ಟಣ. ಜೊತೆಗೆ ಹಿಟ್ಟು ರುಬ್ಬುವ ಸಂಗಪ್ಪ. ಸೊಲ್ಲಾಪುರದ ಕಡೆಯ ಈತ ತನ್ನ ಹೊಲ ಹೆದ್ದಾರಿಗೆ ಹೋಯಿತೆಂದು ಹಿಟ್ಟಿನ ಮುಂದೆಯೂ ಗೋಳಾಡುವವನು.

"ನೀನು ಕೆಳಗೆ ನಿಲ್ಲು ಮಾರಾಯ. ಬ್ರೋಕರ್ ಯಾರಾದ್ರೂ ಬಂದರೆ ಒಳಗೆ ಬಿಡಬೇಡ."

"ನಿಲ್ತೀನ್ರಿ. ಎರಡು ಬನ್ಸ್ ಇಟ್ಟು ಹೋಗ್ರಿ."

ಮೇಲಿನಿಂದಲೇ ಹುಡುಕಲು ಹೊರಟ ತಿಲಕನಿಗೆ ಮೂರನೇ ಮಜಲಿನಲ್ಲಿ ಒಬ್ಬ ಅಜ್ಜಿ ಬಾಗಿಲು ತೆರೆದರು. ಮುಂಬಯಿಯಲ್ಲಿ ಅವನ ವ್ಯವಹಾರ ಹಿಂದಿಯಲ್ಲೇ ನಡೆಯುತ್ತಿತ್ತು, ಮರಾಠಿ ಅವನ ತಲೆಗೆ ಹತ್ತಿರಲಿಲ್ಲ. "ಆಜೀ, ಘರ್?" ಎಂದು ಕಳ್ಳನಂತೆ ಪಿಸುಗುಟ್ಟಿದ.

"ಘರ್? ಖಾಲಿ ಆಹೆ," ಎಂದು ಅಜ್ಜಿ ನೆಲದತ್ತ ಬೆರಳು ಮಾಡಿದರು.

ಖಾಲಿ! ಇದೇ ಮನೆ! ಒಳಗೆ ನಾಲ್ಕು ಕಪಾಟು, ಎರಡು ಮಂಚ, ಹೊಲಿಗೆ ಯಂತ್ರ ತುಂಬಿಕೊಂಡಿದ್ದರೂ ತಿಲಕನಿಗೆ ಅನುಮಾನ ಬರಲಿಲ್ಲ. ಬನ್ಸ್ ಕೊಟ್ಟು ಟೇಪು ಬಿಚ್ಚಿದ. ಟೇಪು ಕಂಡ ಅಜ್ಜಿ, ತಾನು ಕೊಟ್ಟಿದ್ದ ದೂರಿಗೆ ರಿಪೇರಿಯವನು ಕೊನೆಗೂ ಬಂದನೆಂದು ಹಿಗ್ಗಿ ಕೈಹಿಡಿದು ಎಳೆದೊಯ್ದು ಸೋರುವ ಮೂಲೆಗಳನ್ನೆಲ್ಲ ತೋರಿಸಿದರು. 'ಎಂಥ ಪ್ರಾಮಾಣಿಕರು! ದೋಷವನ್ನೂ ಮುಚ್ಚಿಡುವುದಿಲ್ಲ,' ಎಂದು ತಿಲಕನ ಕಣ್ಣು ಒದ್ದೆಯಾಯಿತು. ಸಿಲಿಂಡರಿಗೊಂದು ಮೂಲೆ ಗೊತ್ತುಮಾಡಿ, ಒಂದು ಗಂಟೆಯ ಮೇಲೆ ಹಾರುತ್ತಾ ಕೆಳಗಿಳಿದ.

"ಸಂಗಪ್ಪಾ, ಸಿಕ್ಕಿತು! ಅಜ್ಜಿಯೇ ಹೇಳಿದ್ರು, ಘರ್ ಖಾಲಿ ಆಹೆ ಅಂತ!"

ಸಂಗಪ್ಪನ ಗಂಟಲಲ್ಲಿ ಬನ್ಸ್ ಸಿಕ್ಕಿಕೊಂಡಿತು. "ಶೆಟ್ರ, ಮರಾಠ್ಯಾಗ ಖಾಲಿ ಅಂದ್ರ ಕೆಳಗ! ಮಾರೋ ಮನಿ ಕೆಳಗೈತಿ ಅಂದಾಳ ಆಯಿ."

ಸಂಗಪ್ಪನ ಬೆನ್ನ ಹಿಂದೆ, ಕೆಳಗಿನ ಮನೆಯ ಬಾಗಿಲಲ್ಲಿ ಮುದುಕರೊಬ್ಬರು ಪೇಡೆಯ ತಟ್ಟೆ ಹಿಡಿದು ನಗುತ್ತಿದ್ದರು. ತಿಲಕ್ ಸೋಲುವವನಲ್ಲ. "ಹಾಗಾದರೆ ಬಾ, ಇವರ ಹತ್ತಿರ ಮಾತಾಡುವ!"

"ಮಾತು ಮುಗದೈತ್ರಿ," ಸಂಗಪ್ಪ ತಲೆ ಕೆರೆದುಕೊಂಡ. "ಅಜ್ಜಾರು ನಮ್ಮ ಕಡ್ಯಾವರು. ಹೆದ್ದಾರಿಗೆ ಹೋದ ಹೊಲಕ್ಕ ಸರ್ಕಾರ ಕೊಟ್ಟ ರೊಕ್ಕ ಸುಮ್ಮನ ಬಿದ್ದಿತ್ತು. ಬ್ರೋಕರ್ ಬರೋದ್ರಾಗ ನಾನ ತಗೊಂಡಬಿಟ್ಟೆ."

ತಿಲಕನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಮಿತಾ.

"ಎತ್ರಿ ಶೆಟ್ರ, ಹೆದರಬ್ಯಾಡ್ರಿ," ಎಂದು ಸಂಗಪ್ಪ ಅವನ ಬಾಯಿಗೊಂದು ಪೇಡೆ ಇಟ್ಟ. "ನಾ ಹೆಂಗೂ ಹೋಟೆಲ್‌ನಾಗ ಮಲಗಾಂವ. ಮನಿ ನಿಮಗ ಬಾಡಿಗಿ ಕೊಡ್ತೀನಿ. ಕರಾರು ಮಾತ್ರ ಹನ್ನೊಂದ ತಿಂಗಳದ್ದು."