ಹಿಂದಿನ ಎಡ ಬಾಗಿಲು

ಎಲ್ಲ ರಾದ್ಧಾಂತಕ್ಕೂ ಕಾರಣ ಬೆಂಕಿಪೊಟ್ಟಣದಷ್ಟಿದ್ದ ಒಂದು ಪ್ಲಗ್ಗು. ಅದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು, ಕಾರಿನ ಹೊಟ್ಟೆಯೊಳಗಿನ ಗುಟ್ಟೆಲ್ಲ ತಂತಿಯಿಲ್ಲದೆ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಕಾರು ತಯಾರಿಸಿದ ಕಂಪನಿಯವರೇ ಬಳಸುವ ಸಾಫ್ಟ್‌ವೇರ್. ಅಳಿಯ ಅದನ್ನು ತರಿಸಿ, ಬೆಳಿಗ್ಗೆ ಮಾವನ ಬಿಳಿ ಕಾರಿಗೇ ಮೊದಲು ಸಿಕ್ಕಿಸಿ ತೋರಿಸಿದ್ದ.

ಮಾವನಿಗೆ ಹಿಡಿಸಲಿಲ್ಲ. ಗ್ಯಾರೇಜು ಕಟ್ಟಿದವರು ಅವರು, ಇಂಜಿನ್ನಿಗೆ ಕಿವಿಗೊಟ್ಟೇ ರೋಗ ಹೇಳಿದವರು.

"ನೋಡಿ ಅಳಿಯಂದ್ರೇ, ಹಲ್ಲಿನ ಡಾಕ್ಟರಮ್ಮನ ಕಾರು ಸಂಜೆಯೊಳಗೆ ಸರಿಯಾಗ್ಲಿಲ್ಲ ಅಂದ್ರೆ ಈ ಆಟದ ಸಾಮಾನು ವಾಪಸ್. ನಾಳೆಯಿಂದ ನಾನೇ ದಿನಾ ಬಂದು ಇಲ್ಲಿ ಕೂರ್ತೀನಿ."

ಇಷ್ಟು ಹೇಳಿ, ಊಟ ಮುಗಿಸಿ, ಅವರು ಶೆಡ್ಡಿನ ಹಿಂದಕ್ಕೆ ಹೋದರು. ಮಾವ ಮನೆಯಲ್ಲಿ ಕೂತು ಬೈದರೇ ಗ್ಯಾರೇಜಿಗೆ ಕೇಳಿಸುತ್ತಿತ್ತು. ಇಲ್ಲೇ ಕೂತರೆ ದೇವರೇ ಗತಿ.

ಡಾಕ್ಟರಮ್ಮನದೂ ಅದೇ ಮಾದರಿಯ ಬಿಳಿ ಕಾರು. ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡು ಆರುತ್ತಲೇ ಇರಲಿಲ್ಲ. ತರಿಸಿದ ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಪ್ಲಗ್ಗು ಸಿಕ್ಕಿಸಿ ಅಳಿಯ ಲ್ಯಾಪ್‌ಟಾಪ್ ತೆರೆದ.

'ಹಿಂದಿನ ಎಡ ಬಾಗಿಲು ತೆರೆದಿದೆ.'

ಹೋಗಿ ನೋಡಿದ. ಮುಚ್ಚಿತ್ತು. ತೆಗೆದು ಮತ್ತೆ ಹಾಕಿದ. ತೆರೆದಿದೆ ಎಂದಿತು.

"ಸ್ವಲ್ಪ ಬಿಗಿಯಾಗಿ ಹಾಕಪ್ಪಾ," ಎಂದು ಎದುರಿನ ಟೈಲರ್ ಕತ್ತರಿ ಹಿಡಿದುಕೊಂಡೇ ಬಂದ. ಪಕ್ಕದ ಸಲೂನಿನವನೂ, ಗಿರಾಕಿಯ ಅರ್ಧ ಮುಖಕ್ಕೆ ನೊರೆ ಬಿಟ್ಟು ಓಡಿ ಬಂದ.

"ಕಂಪನಿಯವರದ್ದು ಸುಳ್ಳು ಹೇಳತ್ತಾ? ಬಾಗಿಲು ಮುಚ್ಚಿದೆ ಅಂತ ನಮಗೆ ಅನ್ನಿಸ್ತಿದೆ, ಅಷ್ಟೇ," ಎಂದ ಸಲೂನಿನವನು.

ಅಳಿಯನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಬಾಗಿಲಿನ ಸ್ವಿಚ್ಚು ಬದಲಿಸಿದ. ಒಳಗಿನ ಹಲಗೆ ಬಿಚ್ಚಿದ, ವೈರು ಎಳೆದ. ಕೊನೆಗೆ ಬಾಗಿಲನ್ನೇ ಕಳಚಿ ನೆಲದ ಮೇಲೆ ಮಲಗಿಸಿದ. ತೆರೆದಿದೆ ಎಂದೇ ಇತ್ತು. ಈಗಂತೂ ಅದು ನಿಜವೇ ಆಗಿತ್ತು.

"ಬೇರೇದೇನಾದ್ರೂ ಒತ್ತಿ ನೋಡು," ಎಂದ ಟೈಲರ್.

ಹಾರ್ನ್ ಪರೀಕ್ಷೆ ಒತ್ತಿದ. ಕಾರು ತುಟಿಪಿಟಕ್ಕೆನ್ನಲಿಲ್ಲ. ಎಲ್ಲೋ ಹಾರ್ನ್ ಕೇಳಿಸಿತು; ರಸ್ತೆ ಎಂದ ಮೇಲೆ ಹಾರ್ನ್ ಇದ್ದದ್ದೇ. ವೈಪರ್ ಒತ್ತಿದ, ಅಲುಗಲಿಲ್ಲ. ಹಿಂದಿನ ಸೀಟು ಬಿಸಿ ಮಾಡುವುದನ್ನು ಒತ್ತಿದ. ಸಲೂನಿನವನು ಸೀಟಿನ ಮೇಲೆ ಕೂತು ನೋಡಿ, "ತಣ್ಣಗಿದೆ, ಇನ್ನೂ ಜಾಸ್ತಿ ಮಾಡು," ಎಂದ. ಅಳಿಯ ಪೂರ್ತಿ ಜಾಸ್ತಿ ಮಾಡಿದ.

ಶೆಡ್ಡಿನ ಹಿಂದಿನಿಂದ ಒಂದು ಕೂಗು ಕೇಳಿಸಿತು. ಬರಿಗಾಲಿನಲ್ಲಿ, ಬೆವರು ಸುರಿಸುತ್ತಾ ಮಾವ ಓಡಿ ಬಂದರು.

"ಅಳಿಯಂದ್ರೇ! ನನ್ನ ಕಾರಿಗೆ ದೆವ್ವ ಮೆಟ್ಟಿಕೊಂಡಿದೆ! ರೇಡಿಯೋ ಹಾಕ್ಕೊಂಡು ಹಿಂದಿನ ಸೀಟಲ್ಲಿ ಮಲಗಿದ್ದೆ. ತಾನೇ ಕೂಗ್ತು, ತಾನೇ ಗಾಜು ಒರೆಸ್ಕೊಳ್ತು, ಆಮೇಲೆ ಬೆನ್ನು ಸುಡೋಕೆ ಶುರು ಮಾಡ್ತು!"

ಅಳಿಯ ಮೆಲ್ಲಗೆ ಕೇಳಿದ, "ಮಾವ, ಬಾಗಿಲು?"

"ಕಾಲು ಚಾಚೋಕೆ ಎಡಗಡೇದು ತೆಗ್ದಿದ್ದೆ. ಯಾಕೆ?"

ಬೆಳಿಗ್ಗೆ ಸಿಕ್ಕಿಸಿದ ಪ್ಲಗ್ಗು ಮಾವನ ಕಾರಿನಲ್ಲೇ ಉಳಿದಿತ್ತು. ಲ್ಯಾಪ್‌ಟಾಪು ಇಡೀ ಮಧ್ಯಾಹ್ನ ಅದರ ಜೊತೆಗೇ ಮಾತಾಡುತ್ತಿತ್ತು. ಅಳಿಯ ಓಡಿ ಆ ಪ್ಲಗ್ಗನ್ನು ಕಿತ್ತು ಬಂದ. ಈಗ ಪರದೆ ಬೇರೆ ರಾಗ ಹಾಡಿತು: ಪೆಟ್ರೋಲ್ ಮುಚ್ಚಳ ಸಡಿಲ. ಒಂದು ಸುತ್ತು ತಿರುಗಿಸಿ, ಸಾಫ್ಟ್‌ವೇರಿನಲ್ಲಿ ದೋಷ ಅಳಿಸಿದ. ಹಳದಿ ದೀಪ ಆರಿತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದು ನೆಲದ ಮೇಲಿದ್ದ ಬಾಗಿಲನ್ನು ನೋಡಿದರು.

"ಮುಂದಿನ ವಾರ ನಿಮ್ಮ ದವಡೆ ಹಲ್ಲು ಕೀಳೋದಿದೆ ಅಲ್ವಾ? ಬನ್ನಿ, ನಾನೂ ಹೀಗೇ ಎಲ್ಲಾ ಬಿಚ್ಚಿ ನೋಡ್ತೀನಿ."

ಅಳಿಯ ದವಡೆ ಹಿಡಿದುಕೊಂಡ. ಆದರೂ ಒಳಗೊಳಗೇ ಖುಷಿ. ಸಂಜೆಯಾಗುವ ಮೊದಲೇ ದೀಪ ಆರಿತ್ತು, ಮಾತಿನ ಪ್ರಕಾರ ಮಾವ ಇನ್ನು ಮನೆಯಲ್ಲೇ.

ಮಾವ ಮಾತ್ರ ಲ್ಯಾಪ್‌ಟಾಪಿನ ಎದುರು ಸ್ಟೂಲು ಎಳೆದುಕೊಂಡು ಕೂತಿದ್ದರು.

"ನಾನು ಗೋಡೆ ಆಚೆ ಕಾಲು ಚಾಚಿದ್ದೂ ಇದಕ್ಕೆ ಗೊತ್ತಾಯ್ತಾ! ಅಬ್ಬಬ್ಬಾ! ಇಂಥದ್ದು ಇಲ್ಲಿರುವಾಗ ನಾನು ಮನೇಲಿ ಏನು ಮಾಡ್ಲಿ ಅಳಿಯಂದ್ರೇ? ನಾಳೆಯಿಂದ ದಿನಾ ಬರ್ತೀನಿ. ಈಗ ಹೇಳಿ, ಹಾರ್ನ್ ಯಾವುದು ಒತ್ತೋದು?"