ಪುಂಡಿ ಕೊಯ್ಯುವ ಹೊತ್ತು

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಪುಂಡಿ ಯಾವಾಗ ಕೊಯ್ಯಬೇಕೆಂದು ಹೇಳಿ ಸಂಬಳ ಪಡೆಯುವವನು ನಾನೊಬ್ಬನೇ. ಬಿಟ್ಟಿ ಹೇಳುವವರಿಗೇನೂ ಬರವಿಲ್ಲ. ಪುಂಡಿಯ ಹುಳಿ ಸೊಪ್ಪು ಪಲ್ಯಕ್ಕಾದರೆ, ದಂಟಿನ ನಾರು ಕಾಗದಕ್ಕೆ. ನಮ್ಮ ಸಣ್ಣ ಕೈಕಾಗದದ ಘಟಕಕ್ಕೆ ಆ ದಂಟು ಕೊಳ್ಳುವುದು ನನ್ನ ಕೆಲಸ. ಎಳೆಯದಾದರೆ ನಾರಿಗೆ ಕಸುವಿಲ್ಲ; ಕಾಯಿ ಬಲಿತರೆ ದಂಟು ಕಟ್ಟಿಗೆಯಾಗುತ್ತದೆ, ಎಷ್ಟು ಕುದಿಸಿದರೂ ಬೇಯುವುದಿಲ್ಲ. ಹೂ ಬಿಡುವ ಹೊತ್ತೇ ಸರಿ. ಈ ಸಲ ಮಾಲು ಕೆಟ್ಟರೆ ನಾನು ಮನೆಗೆ ಹೋಗಬೇಕೆಂದು ಮಾಲೀಕರು ಮೊದಲೇ ಹೇಳಿದ್ದರು.

೧. ಗೊಬ್ಬೂರ

ಹೂ ಕಂಡ ಕೂಡಲೇ ತಿಳಿಸೆಂದು ಪುಂಡಿ ಹಾಕಿದ್ದ ಒಬ್ಬ ಆಯಿಗೆ ಹೇಳಿ ಬಂದಿದ್ದೆ. ತಿಂಗಳಾದರೂ ಸುದ್ದಿಯಿಲ್ಲ. ಹೋಗಿ ನೋಡಿದರೆ ಒಂದು ಗಿಡಕ್ಕೂ ಕುಡಿಯಿಲ್ಲ. ಇಡೀ ಓಣಿ ಪಲ್ಯಕ್ಕೆಂದು ಚಿವುಟಿತ್ತು.

"ಆಯಿ, ಹಿಂಗಾದ್ರ ಹೂ ಹ್ಯಾಂಗ ಬಿಡಬೇಕು?"

"ಮದಲ ಉಣ್ಣು ಬಾ."

ಸಿಟ್ಟಿನಲ್ಲೇ ಕುಳಿತೆ. ಬಿಸಿ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯ. ಮೂರನೆಯ ರೊಟ್ಟಿಗೆ ಕೈ ಚಾಚಿದಾಗ ಆಯಿ ಕೇಳಿದಳು: "ಈಗ ಹೇಳೋ ತಮ್ಮಾ, ನನ್ನ ಪುಂಡಿ ಕೆಡಿಸಿದವ್ರು ಯಾರು?"

೨. ಖಜೂರಿ

ಇಲ್ಲಿ ಹೂ ತುಂಬಿದ್ದು ಸೋಮವಾರ. "ಸೋಮವಾರ ನಾವು ಎತ್ತು ಹೂಡೂದಿಲ್ರಿ" ಎಂದ ರೈತ. ಮರುದಿನ ಅಮಾವಾಸ್ಯೆ, ಅಂದೂ ಎತ್ತಿಗೆ ವಿಶ್ರಾಂತಿ. ಆಮೇಲೆ ಬೀಗರು ಬಂದರು. ಅವರು ಹೋಗುವಷ್ಟರಲ್ಲಿ ಕಾಯಿ ಬಲಿಯತೊಡಗಿತ್ತು, ಮತ್ತೆ ಸೋಮವಾರವೂ ಬಂದಿತ್ತು. ನನ್ನ ತಲೆ ಕೆಟ್ಟಿತು.

"ಕೊಯ್ಯಾಕ ಎತ್ತು ಯಾಕ್ರಿ? ಕುಡಗೋಲು ಸಾಕಲ್ಲ!"

"ಎತ್ತಿಗೆ ಸೂಟಿ ಅದ, ನಾ ದುಡೀಬೇಕಾ? ನಾ ಏನ್ ಎತ್ತಿಗಿಂತ ಕಡಿಮಿ ಏನ್ರಿ?"

೩. ನೆಲೋಗಿ

ಎರಡು ಊರಿನ ಮಾಲು ಕೆಟ್ಟಿತು. ಉಳಿದದ್ದು ನೆಲೋಗಿಯ ಒಂದೇ ಹೊಲ. ಅದರ ಒಡತಿ ಅಕ್ಕ ದಿನಾ ಮೊಗ್ಗು ನೋಡುತ್ತ ಕಾಯುತ್ತಿದ್ದಳು. ಅಷ್ಟರಲ್ಲಿ ಮಾಲೀಕರೇ ಬಂದು, ಘಟಕ ಖಾಲಿ ಕೂತಿದೆ, ಇವತ್ತೇ ಕೊಯ್ಯಬೇಕು ಎಂದು ಬರೆದ ಹುಕುಂ ಅವಳ ಕೈಗಿತ್ತರು. ಕಾಗದ ನಮ್ಮದೇ. ಹೋದ ವರ್ಷ ಇವರ ಅವಸರಕ್ಕೆ ಎಳೆಯ ಪುಂಡಿ ಕೊಯ್ಯಿಸಿ ಮಾಡಿದ್ದು.

ಅಕ್ಕ ಓದಿ ಮಡಚಿದಳು. ಮಡಿಕೆಯಲ್ಲೇ ಹರಿಯಿತು. ಇನ್ನೊಮ್ಮೆ ಮಡಚಿದಳು. ನಾಲ್ಕು ಚೂರು.

"ನೋಡ್ರಿ ಸಾವ್ಕಾರ್ರ, ನಿಮ್ಮ ಹುಕುಮೇ ನಿಂದರವಲ್ದು. ಹೂ ಬಿಡೂತನಕ ನಾ ಕುಡಗೋಲು ಮುಟ್ಟಂಗಿಲ್ಲ!"

ಮಾಲೀಕರು ನನ್ನತ್ತ ತಿರುಗಿದರು. "ನೀ ಕೊಯ್ಸು. ಇಲ್ಲಾಂದ್ರ ಕೆಲಸದಿಂದ ತೆಗದೇನಿ ಅಂತ ಈಗ ಚೀಟಿ ಬರದು ಕೊಡ್ತೇನಿ."

ಅಕ್ಕನ ಧೈರ್ಯ ನನಗೂ ಹತ್ತಿತ್ತು.

"ಕೊಡ್ರಿ ಸಾವ್ಕಾರ್ರ. ಆದ್ರ ಬಜಾರದ ಕಾಗದದ ಮ್ಯಾಲ ಬರೀರಿ. ನಮ್ದರ ಮ್ಯಾಲ ಬರದ್ರ ನಾ ಮನಿ ಮುಟ್ಟೂದ್ರಾಗ ಚೀಟಿ ಹರದು ನೌಕರಿ ತಿರುಗಿ ಬರ್ತದ!"